ಬ್ರ್ಯಾಂಡ್ ಹೆಸರು ಮೂರನೇ ಪ್ಯಾರಾದಲ್ಲಿ ಬರಲಿ

ಸಣ್ಣ ಊರುಗಳ ಸಣ್ಣ ಕಂಪನಿಗಳಿಗೆ ಪತ್ರಿಕಾ ಪ್ರಕಟಣೆ ಬರೆದುಕೊಡುವುದು ನನ್ನ ಕೆಲಸ. ಗಾಣದ ಎಣ್ಣೆ, ಹಲಸಿನ ಚಿಪ್ಸ್, ಸಿರಿಧಾನ್ಯ, ಕೈಮಗ್ಗದ ಸೀರೆ, ಇಂಥವೇ ಜಾಸ್ತಿ. ಪುಟಗಟ್ಟಲೆ ಜಾಹೀರಾತು ಕೊಡುವಷ್ಟು ದುಡ್ಡು ಇವರ ಹತ್ತಿರ ಇರುವುದಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ಕೇಳುತ್ತಾರೆ: "ಪೇಪರ್‌ನಲ್ಲಿ ನಮ್ಮ ಹೆಸರು ಬರೋ ಹಾಗೆ ಮಾಡ್ತೀರಾ?"

ಹೆಸರು ಬರುವುದು ಬೇರೆ, ವರದಿ ಆಗುವುದು ಬೇರೆ. ನಾವು ಕಳಿಸಿದ್ದನ್ನೇ ನಾಲ್ಕು ಸಾಲಿಗೆ ಇಳಿಸಿ ಒಳಪುಟದ ಮೂಲೆಯಲ್ಲಿ ಹಾಕಿದರೆ ಹೆಸರು ಬಂದ ಹಾಗೆ. ವರದಿಗಾರರು ತಾವೇ ಬಂದು ನೋಡಿ, ನಮಗೆ ಸಂಬಂಧವಿಲ್ಲದ ಇಬ್ಬರನ್ನು ಕೇಳಿ, ತಮ್ಮ ಹೆಸರಿನಲ್ಲಿ ಬರೆದರೆ ಅದು ವರದಿ. ಓದುಗರು ನಂಬುವುದು ಇದನ್ನು. ನನ್ನ ಪ್ರಯತ್ನವೆಲ್ಲ ಇದಕ್ಕಾಗಿ. ಹಾಗಾಗಬೇಕಾದರೆ ಪ್ರಕಟಣೆಯಲ್ಲಿ ಕಂಪನಿಯ ಗೋಡೆಯಾಚೆಗಿನ ಸುದ್ದಿ ಇರಬೇಕು. ಆ ಸುದ್ದಿ ನಿಜವೇ ಎಂದು ಬೇರೆಯವರ ಹತ್ತಿರವೂ ಕೇಳಿ ತಿಳಿಯಲು ಆಗಬೇಕು.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ ಘೋಷಿಸಿದ್ದು. ಆ ವರ್ಷ ರಾಗಿ ಬಿಸ್ಕತ್ತಿನವರು, ನವಣೆ ನೂಡಲ್ಸಿನವರು, ದೋಸೆ ಹಿಟ್ಟಿನವರು, ಎಲ್ಲರೂ ಪ್ರಕಟಣೆ ಕಳಿಸುವವರೇ. ಪತ್ರಿಕೆಗಳ ಮೇಲ್ ತುಂಬಿ ತುಳುಕುತ್ತಿದ್ದ ಹೊತ್ತಿನಲ್ಲಿ ತುಮಕೂರು ಜಿಲ್ಲೆಯ ಒಂದು ಪುಟ್ಟ ಬ್ರ್ಯಾಂಡ್‌ನ ಕೆಲಸ ನನಗೆ ಬಂತು. ಮಾಲೀಕರು ತಾವೇ ಬರೆದ ಕರಡು ತಂದಿದ್ದರು. "ಆರೋಗ್ಯಕರ ಜೀವನಶೈಲಿಯತ್ತ ದಿಟ್ಟ ಹೆಜ್ಜೆ ಇಟ್ಟಿರುವ ನಮ್ಮ ಸಂಸ್ಥೆಯು ವಿಶ್ವದರ್ಜೆಯ ಸಿರಿಧಾನ್ಯ ಉತ್ಪನ್ನಗಳನ್ನು ಹೆಮ್ಮೆಯಿಂದ ಅರ್ಪಿಸುತ್ತಿದೆ" ಎಂದು ಅದು ಶುರುವಾಗುತ್ತಿತ್ತು. ಇದೇ ಸಾಲಿಗೆ ಬೇರೆ ಯಾವ ಕಂಪನಿಯ ಹೆಸರು ಹಾಕಿದರೂ ಹೊಂದುತ್ತದೆ, ಅಲ್ವಾ? ಹಾಗೆ ಎಲ್ಲರಿಗೂ ಹೊಂದುವ ಸಾಲನ್ನು ಸುದ್ದಿಮನೆಯಲ್ಲಿ ಯಾರೂ ನಿಂತು ಓದುವುದಿಲ್ಲ.

ಅವರು ಇನ್ನೊಂದು ವಿಷಯವನ್ನೂ ಹೇಳಿದರು. "ನಾನು ಸಾಫ್ಟ್‌ವೇರ್ ಕೆಲಸ ಬಿಟ್ಟು ಊರಿಗೆ ಬಂದವನು ಸರ್. ಅದನ್ನ ಹಾಕಿದ್ರೆ?" ಹತ್ತು ವರ್ಷದ ಹಿಂದೆ ಅದು ಸುದ್ದಿ ಆಗಿರುತ್ತಿತ್ತು. ಈಗ ಪ್ರತಿ ತಾಲ್ಲೂಕಿನಲ್ಲೂ ಇಂಥ ಒಬ್ಬರಾದರೂ ಇದ್ದಾರೆ. ನಾನು ಬೇಡ ಎಂದೆ.

ಬರೆಯುವ ಮೊದಲು ಅವರ ಮಿಲ್ಲಿನಲ್ಲಿ ಇಡೀ ದಿನ ಕುಳಿತೆ. ಇದು ನನ್ನ ಕೆಲಸದ ಮುಖ್ಯ ಭಾಗ. ಮಾಲೀಕರ ಜೊತೆ ಕಡಿಮೆ, ಧಾನ್ಯ ತಂದವರ ಜೊತೆ, ಮಷಿನ್ ನಡೆಸುವವರ ಜೊತೆ ಜಾಸ್ತಿ ಮಾತಾಡುತ್ತೇನೆ. ತಲೆಯಲ್ಲಿ ಒಂದೇ ಪ್ರಶ್ನೆ ಇರುತ್ತದೆ: ಈ ಕಂಪನಿಯ ಹೆಸರು ತೆಗೆದುಹಾಕಿದರೂ ಉಳಿಯುವ ಸುದ್ದಿ ಇಲ್ಲಿ ಏನಿದೆ?

ಉತ್ತರ ಕೊಟ್ಟಿದ್ದು ಆಟೊದಲ್ಲಿ ಎರಡು ಮೂಟೆ ಕೊರಲೆ ತಂದಿದ್ದ ರೈತರು. ಪಾವಗಡ, ಮಧುಗಿರಿ, ಶಿರಾ ಕಡೆ ಮಳೆ ಕಡಿಮೆ. ಅಲ್ಲಿ ಹುಣಸೆ ಮರದ ನೆರಳಿನಲ್ಲೂ ಬೆಳೆಯುವ ಧಾನ್ಯ ಕೊರಲೆ. ಬೆಳೆಯುವುದು ಕಷ್ಟವಲ್ಲ, ಅಕ್ಕಿ ಮಾಡುವುದು ಕಷ್ಟ. ಅದರ ಹೊಟ್ಟು ಗಟ್ಟಿ. ಹಿಂದೆ ಮನೆಯ ಹೆಂಗಸರು ಒರಳಿನಲ್ಲಿ ಕುಟ್ಟಿ ಕುಟ್ಟಿ ಸೋಲುತ್ತಿದ್ದರು. ಸಾಮೆ, ನವಣೆಯ ಕಥೆಯೂ ಹೆಚ್ಚುಕಡಿಮೆ ಇದೇ. ಹತ್ತಿರದಲ್ಲಿ ಮಿಲ್ ಇಲ್ಲದಾಗ ಧಾನ್ಯ ವ್ಯಾಪಾರಿಗಳ ಕೈಸೇರಿ ಮಹಾರಾಷ್ಟ್ರದ ನಾಸಿಕ್‌ನಂಥ ಊರಿಗೆ ಹೋಗುತ್ತದೆ. ಕಿರುಧಾನ್ಯಗಳ ಹೊಟ್ಟು ತೆಗೆಯುವ ದೊಡ್ಡ ಮಿಲ್ಲುಗಳು ಇರುವುದು ಅಲ್ಲಿ. ಅಕ್ಕಿಯಾಗಿ, ಪ್ಯಾಕೆಟ್ ಆಗಿ ನಮ್ಮ ಊರಿನ ಅಂಗಡಿಗೇ ವಾಪಸ್ ಬರುತ್ತದೆ. ಬೆಳೆದವರು ತಮ್ಮ ಬೆಳೆಯನ್ನೇ ದುಬಾರಿ ಬೆಲೆಗೆ ಕೊಳ್ಳಬೇಕು. "ಈಗ ಬೆಳಿಗ್ಗೆ ತಂದು ಸಂಜೆ ಅಕ್ಕಿ ತಗೊಂಡು ಹೋಗ್ತೀವಿ, ಮನೇಲೂ ಉಣ್ತೀವಿ" ಎಂದರು ಆ ರೈತರು. ಸುದ್ದಿ ಸಿಕ್ಕಿತು.

ಪ್ರಕಟಣೆಯ ಮೊದಲ ಸಾಲು ಹೀಗೆ ಬಂತು: "ನಾಸಿಕ್‌ಗೆ ಹೋಗಿ ಅಕ್ಕಿಯಾಗಿ ಬರುತ್ತಿದ್ದ ಈ ಭಾಗದ ಕೊರಲೆ ಮತ್ತು ಸಾಮೆ ಈಗ ಬೆಳೆದ ಹೋಬಳಿಯಲ್ಲೇ ಅಕ್ಕಿಯಾಗುತ್ತಿವೆ." ಎರಡನೇ ಪ್ಯಾರಾದಲ್ಲಿ ಇದರಿಂದ ರೈತರಿಗೆ ಏನು ಬದಲಾಯಿತು, ಅವರದೇ ಮಾತಿನಲ್ಲಿ. ಮೂರನೇ ಪ್ಯಾರಾದಲ್ಲಿ ಮಿಲ್ ಯಾರದು, ಬ್ರ್ಯಾಂಡ್ ಯಾವುದು. ಮಾಲೀಕರಿಗೆ ಇದು ಇಷ್ಟವಾಗಲಿಲ್ಲ. "ನಮ್ಮ ಹೆಸರೇ ಅಷ್ಟು ಕೆಳಗೆ ಹೋಯ್ತಲ್ಲ" ಎಂದರು. ಮೇಲೆ ಹೆಸರಿದ್ದರೆ ಓದುವವರು ಜಾಹೀರಾತು ಎಂದುಕೊಂಡು ಅಲ್ಲೇ ಬಿಡುತ್ತಾರೆ, ಮೂರನೇ ಪ್ಯಾರಾದಲ್ಲಿದ್ದರೆ ಅಲ್ಲಿಯವರೆಗೆ ಓದಿ ಬಂದಿರುತ್ತಾರೆ ಎಂದು ವಿವರಿಸಿದೆ. ಅದಕ್ಕಿಂತ ಕೆಳಗೆ ಮಾತ್ರ ಇಡಬಾರದು. ಜಾಗ ಸಾಲದಿದ್ದರೆ ಉಪಸಂಪಾದಕರು ಕತ್ತರಿಸುವುದು ಕೊನೆಯಿಂದ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆ ಮೊದಲರ್ಧದಲ್ಲೇ ಉತ್ತರ ಇದ್ದರೆ ಕೊನೆಯ ಎರಡು ಪ್ಯಾರಾ ಹೋದರೂ ನಷ್ಟವಿಲ್ಲ.

ಮುಂದಿನದು ಅಂಕಿಗಳು. ಕೃಷಿ ವರದಿಗಾರರು ಮೊದಲು ಕೇಳುವುದು "ಕ್ವಿಂಟಲ್‌ಗೆ ರೈತರಿಗೆ ಎಷ್ಟು ಕೊಡ್ತೀರಿ?" ಎಂದು. ಒಂದು ಕ್ವಿಂಟಲ್ ಧಾನ್ಯಕ್ಕೆ ಎಷ್ಟು ಕೆ.ಜಿ. ಅಕ್ಕಿ ಬರುತ್ತದೆ, ನುಚ್ಚು ಎಷ್ಟು ಹೋಗುತ್ತದೆ, ಮಷಿನ್‌ಗೆ ಎಷ್ಟು ಖರ್ಚಾಯಿತು, ಸಬ್ಸಿಡಿ ಸಿಕ್ಕಿತೇ, ಸಾಲ ಎಷ್ಟಿದೆ. ಇವೆಲ್ಲವನ್ನೂ ಒಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಜೊತೆಗೆ ಇಡುತ್ತೇನೆ. ಹೇಳಲು ಆಗದ ಅಂಕಿ ಇದ್ದರೆ "ಇದನ್ನು ಹೇಳುವುದಿಲ್ಲ" ಎಂದು ಮೊದಲೇ ತೀರ್ಮಾನ ಮಾಡಿಕೊಂಡಿರಬೇಕು. ಫೋನಿನಲ್ಲಿ ತಡವರಿಸಿದರೆ ಅನುಮಾನ ಹುಟ್ಟುತ್ತದೆ.

"ರಾಜ್ಯದಲ್ಲೇ ಮೊದಲು" ಎಂಬ ಮಾತನ್ನು ಮಾಲೀಕರು ಬಹಳ ಆಸೆಯಿಂದ ಸೇರಿಸಿದ್ದರು. ತೆಗೆಸಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಕಿರುಧಾನ್ಯಗಳ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರವೇ ಇದೆ. ವರದಿಗಾರರು ಅಲ್ಲಿಗೆ ಒಂದು ಫೋನ್ ಮಾಡಿದರೆ ಇಂಥ ಎಷ್ಟು ಮಿಲ್ ಬಂದಿವೆ ಎಂದು ಗೊತ್ತಾಗುತ್ತದೆ. ಒಂದು ಮಾತು ಸುಳ್ಳಾದರೆ ಉಳಿದ ನಿಜವೂ ಹೋಯಿತು. ನಾನೇ ಮುಂದಾಗಿ "ಯಂತ್ರದ ಬಗ್ಗೆ, ತಳಿಯ ಬಗ್ಗೆ ಜಿಕೆವಿಕೆ ವಿಜ್ಞಾನಿಗಳನ್ನು ಕೇಳಬಹುದು" ಎಂದು ಬರೆಯುತ್ತೇನೆ. ಅವರ ಬಾಯಿಂದ ನಮ್ಮ ಪರವಾದ ಮಾತು ಹೊರಡಿಸಿ ಪ್ರಕಟಣೆಯಲ್ಲಿ ತುರುಕುವುದಿಲ್ಲ. ಅವರು ವರದಿಗಾರರಿಗೆ ಏನು ಹೇಳುತ್ತಾರೋ ಅದಕ್ಕೇ ಬೆಲೆ.

ಆರೋಗ್ಯದ ಮಾತಿನಲ್ಲಂತೂ ನಾನು ತುಂಬಾ ಬಿಗಿ. "ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ" ಎಂದು ಆಹಾರದ ಬಗ್ಗೆ ಹೇಳುವಂತಿಲ್ಲ. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು ಅದನ್ನು ತಡೆಯುತ್ತವೆ. ನಿಯಮ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ಯಾರೋ ಒಬ್ಬರು ಪೇಪರ್ ಓದಿ ಮಾತ್ರೆ ನಿಲ್ಲಿಸಿದರೆ ಆ ಪಾಪ ಯಾರ ತಲೆಗೆ?

ಇನ್ನು ಫೋನ್ ನಂಬರ್ ವಿಷಯ. ಕನ್ನಡದ ಕೃಷಿ ಬರಹಗಳ ಕೊನೆಯಲ್ಲಿ 'ಮಾಹಿತಿಗೆ' ಎಂದು ರೈತರ ಮೊಬೈಲ್ ನಂಬರ್ ಹಾಕುವುದು ರೂಢಿ. ಓದುಗರು ನಿಜವಾಗಿಯೂ ಫೋನ್ ಮಾಡುತ್ತಾರೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ ಅಡಿಕೆ ಪತ್ರಿಕೆ ರೈತರ ಕೈಗೇ ಲೇಖನಿ ಕೊಟ್ಟು ಬೆಳೆದದ್ದು. ಇಂಥ ಓದುಗರಿಗೆ ಕಂಪನಿಯ ಮಾತಿಗಿಂತ ಬೆಳೆದವರ ಮಾತು ಮುಖ್ಯ. ಅದಕ್ಕೇ ನಾನು ಕೆಲವು ರೈತರ ನಂಬರ್ ಕೊಡುತ್ತೇನೆ, ಅವರನ್ನು ಕೇಳಿಯೇ. "ವರದಿ ಬಂದ ವಾರ ಫೋನ್ ಜಾಸ್ತಿ ಬರುತ್ತೆ, ಪರವಾಗಿಲ್ವಾ?" ಎಂದು ವಿಚಾರಿಸುತ್ತೇನೆ. ಬೇಡ ಎಂದವರನ್ನು ಬಿಡುತ್ತೇನೆ. ಏನು ಹೇಳಬೇಕು ಎಂದು ಯಾರಿಗೂ ಪಾಠ ಹೇಳಿಕೊಡುವುದಿಲ್ಲ. ಮಿಲ್ಲಿನ ಬಗ್ಗೆ ತಕರಾರು ಇದ್ದವರ ನಂಬರನ್ನೂ ಆ ಪಟ್ಟಿಯಿಂದ ತೆಗೆಯುವುದಿಲ್ಲ.

ಕಳಿಸುವ ಕ್ರಮ ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಎಷ್ಟೋ ಒಳ್ಳೆಯ ಪ್ರಕಟಣೆಗಳು ಇಲ್ಲೇ ಸಾಯುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೆ ಆ ಕಡೆ ಬರೀ ಚಿಹ್ನೆಗಳು ಕಾಣುತ್ತವೆ. ಪ್ರಿಂಟ್ ತೆಗೆದು ಫೋಟೊ ಹೊಡೆದು ಕಳಿಸಿದರೆ ಡೆಸ್ಕಿನವರು ಮತ್ತೆ ಟೈಪ್ ಮಾಡಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಯೂನಿಕೋಡ್‌ನಲ್ಲಿ, ಮೇಲ್‌ನ ಒಳಗೇ, ಒಂದು ಪುಟಕ್ಕೆ ಮೀರದಂತೆ ಬರೆಯುತ್ತೇನೆ. ವಿಷಯದ ಜಾಗದಲ್ಲಿ 'ಪತ್ರಿಕಾ ಪ್ರಕಟಣೆ' ಎಂದು ಹಾಕದೆ ಸುದ್ದಿಯ ಸಾಲನ್ನೇ ಹಾಕುತ್ತೇನೆ. ಫೋಟೊ ಬೇರೆಯಾಗಿ ಲಗತ್ತಿಸುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ, ಇಲ್ಲದಿದ್ದರೆ ಅದು ಕುಗ್ಗಿ ಮುದ್ರಣಕ್ಕೆ ಬಾರದಂತಾಗುತ್ತದೆ. ರಿಬ್ಬನ್ ಕತ್ತರಿಸುವ ಫೋಟೊ ಕಳಿಸುವುದಿಲ್ಲ. ಮಷಿನ್ ಬಾಯಿಂದ ಕೊರಲೆ ಅಕ್ಕಿ ಬೀಳುತ್ತಿರುವುದು, ಪಕ್ಕದಲ್ಲಿ ಮೂಟೆ ಹಿಡಿದು ನಿಂತ ರೈತ ಮಹಿಳೆ, ಇಂಥದ್ದು ಬೇಕು. ಚಿತ್ರದಲ್ಲಿರುವವರ ಹೆಸರು ಎಡದಿಂದ ಬಲಕ್ಕೆ, ಊರಿನ ಸಮೇತ. ಬೆಳಿಗ್ಗೆಯೇ ಕಳಿಸುತ್ತೇನೆ. ಸಂಜೆ ಜಿಲ್ಲಾ ಪುಟ ಮುಗಿಸುವ ಗಡಿಬಿಡಿಯಲ್ಲಿ ನಮ್ಮ ಮೇಲ್ ಯಾರಿಗೆ ಬೇಕು? ಬಜೆಟ್ ದಿನ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಬೇಡವೇ ಬೇಡ.

ಒಂದೇ ಪ್ರಕಟಣೆಯನ್ನು ನೂರು ವಿಳಾಸಕ್ಕೆ ಎಸೆಯುವುದು ನನಗೆ ಸರಿಹೋಗುವುದಿಲ್ಲ. ಸಿರಿಧಾನ್ಯದ ಬಗ್ಗೆ ಈಗಾಗಲೇ ಬರೆಯುತ್ತಿರುವವರು ಯಾರು ಎಂದು ಹಳೆಯ ಪತ್ರಿಕೆ ತಿರುವಿ ನೋಡುತ್ತೇನೆ. ಅವರ ಒಂದು ವರದಿಯಲ್ಲಿ ಉತ್ತರ ಸಿಗದ ಪ್ರಶ್ನೆ ಇರುತ್ತದೆ. ನಮ್ಮ ಹತ್ತಿರ ಅದಕ್ಕೆ ಉತ್ತರ ಇದ್ದರೆ ಅದನ್ನೇ ಮೊದಲ ಸಾಲಾಗಿ ಬರೆದು ಅವರಿಗೆ ಕಳಿಸುತ್ತೇನೆ. ಕೊರಲೆಯ ವಿಷಯದಲ್ಲಿ ಕೃಷಿ ಪುಟದವರಿಗೆ ಮಿಲ್ಲಿನ ಲೆಕ್ಕ ಬೇಕಿತ್ತು. ಮಹಿಳಾ ಪುಟದವರಿಗೆ ಒನಕೆಯಿಂದ ಬಿಡುಗಡೆ ಸಿಕ್ಕ ಕೈಗಳು ಬೇಕಿದ್ದವು. ಇಂಗ್ಲಿಷ್ ಪತ್ರಿಕೆಯ ವ್ಯಾಪಾರ ಪುಟಕ್ಕೆ ನಾಸಿಕ್‌ವರೆಗಿನ ಸಾಗಣೆ ಬೇಕಿತ್ತು. ನಿಜ ಒಂದೇ, ಹಿಡಿಯುವ ತುದಿ ಬೇರೆ ಬೇರೆ.

"ಜಾಹೀರಾತು ಕೊಟ್ರೆ ವರದಿ ಹಾಕ್ತಾರಾ ಸರ್?" ಎಂದು ಮಾಲೀಕರು ನಡುವೆ ಒಮ್ಮೆ ಕೇಳಿದರು. ಕಾಸು ಕೊಟ್ಟು ಸುದ್ದಿ ಹಾಕಿಸುವ ಚಾಳಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿಯನ್ನೇ ಕೊಟ್ಟಿದೆ. ಈ ವೃತ್ತಿಯ ಹಿರಿಯರಲ್ಲಿ ಒಬ್ಬನಾದ ಅಮೆರಿಕದ ಐವಿ ಲೀ 1906ರಲ್ಲೇ ಸಂಪಾದಕರಿಗೆ ಒಂದು ಮಾತು ಬರೆದಿದ್ದ: ನಾವು ಕಳಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದದ್ದು ಅನ್ನಿಸಿದರೆ ಬಳಸಬೇಡಿ. ನನಗೆ ಆ ಮಾತು ಬಹಳ ಇಷ್ಟ. ಜಾಹೀರಾತು ಬೇಕಾದರೆ ಜಾಹೀರಾತು ಎಂದೇ ಕೊಡಿ, ಅದರಲ್ಲಿ ತಪ್ಪಿಲ್ಲ, ಎರಡನ್ನೂ ಬೆರೆಸುವುದು ಬೇಡ ಎಂದೆ. ಅವರು ಒಪ್ಪಿದರು.

ವರದಿಗಾರರೊಬ್ಬರು ಬಂದರು. ನಾನು ಜೊತೆಗೆ ಹೋಗಲಿಲ್ಲ. ಮಾಲೀಕರೂ ಮಿಲ್ ತೋರಿಸಿ ಪಕ್ಕಕ್ಕೆ ಸರಿದರು. ದೊಡ್ಡ ವರದಿಯೇ ಬಂತು. ಅದರಲ್ಲಿ ಒಬ್ಬ ರೈತರು "ಅಕ್ಕಿ ಚೆನ್ನಾಗಿ ಬರುತ್ತೆ, ಆದ್ರೆ ಮಾರಿದ ಧಾನ್ಯಕ್ಕೆ ದುಡ್ಡು ಕೈಗೆ ಬರೋದು ತಡ" ಎಂದಿದ್ದರು. ಮಾಲೀಕರಿಗೆ ಬೇಜಾರಾಯಿತು. ಆ ಸಾಲು ತೆಗೆಸಲು ಆಗುತ್ತದೆಯೇ ಎಂದರು. ನಿಜವಾದ ಮಾತನ್ನು ತೆಗೆಯಿರಿ ಎಂದು ನಾನು ಯಾವ ಪತ್ರಿಕೆಯನ್ನೂ ಕೇಳುವುದಿಲ್ಲ. ಆ ಒಂದು ಸಾಲು ಇದ್ದದ್ದರಿಂದಲೇ ಉಳಿದ ಹೊಗಳಿಕೆಯನ್ನು ಜನ ನಂಬಿದರು ಎಂದು ನನ್ನ ಅನಿಸಿಕೆ. ವರದಿಯಲ್ಲಿ ಒಂದು ಹಳ್ಳಿಯ ಹೆಸರು ತಪ್ಪಾಗಿತ್ತು. ಅದಕ್ಕೆ ಮಾತ್ರ, ಸರಿಯಾದ ಹೆಸರಿನ ಜೊತೆ, ಎರಡು ಸಾಲಿನ ಸಂದೇಶ ಕಳಿಸಿದೆ. ಪಾವತಿಯ ವಿಷಯವನ್ನು ಮಾಲೀಕರು ರೈತರ ಜೊತೆ ಕುಳಿತು ಮಾತಾಡಿದರು.

ಈಗ ಅದೇ ಮಿಲ್ಲಿಗೆ ಇನ್ನೊಂದು ಪ್ರಕಟಣೆ ಸಿದ್ಧವಾಗುತ್ತಿದೆ. ಈ ಸಲ ವಿಷಯ ಕೊರಲೆಯ ಬಿತ್ತನೆ ಬೀಜ. ಒಂದೇ ಹಳ್ಳಿಯವರು ಬೀಜ ಉಳಿಸಿ ಸುತ್ತಲಿನವರಿಗೆ ಹಂಚುತ್ತಿದ್ದಾರೆ. ಪಾವತಿ ಈಗ ಎಷ್ಟು ದಿನಕ್ಕೆ ಆಗುತ್ತಿದೆ ಎಂಬುದನ್ನೂ ಅಂಕಿಗಳ ಹಾಳೆಯಲ್ಲಿ ಸೇರಿಸಿದ್ದೇನೆ, ವರದಿಗಾರರು ಕೇಳಿಯೇ ಕೇಳುತ್ತಾರೆ. ಬೀಜ ಹಂಚುವ ಮನೆಯ ಹಿರಿಯಮ್ಮ ತಮ್ಮ ನಂಬರ್ ಕೊಡಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದಾರೆ. ಅವರು ಹೇಳಿದ ಮೇಲೆ ಕಳಿಸುತ್ತೇನೆ.