ಕ್ಯಾಶುವಾಲ್ಟಿ ಬಾಗಿಲಲ್ಲಿ ನಾಲ್ಕು ಬಣ್ಣದ ರಿಬ್ಬನ್: ನನ್ನ ಅನುಭವ

"ತಾಲ್ಲೂಕು ಆಸ್ಪತ್ರೆಯಲ್ಲಿ ಟ್ರಯಾಜ್ ಎಲ್ಲಾ ನಡೆಯಲ್ಲ ಡಾಕ್ಟ್ರೇ, ಜನ ಹೊಡೀತಾರೆ" ಅಂತ ನನಗೆ ಹೇಳದವರೇ ಇಲ್ಲ. ಟ್ರಯಾಜ್ ಅಂದರೆ ಒಟ್ಟಿಗೆ ಬಂದ ಗಾಯಾಳುಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಅಂತ ವಿಂಗಡಿಸುವುದು. ನಮ್ಮದು ತುಮಕೂರು–ಚಿತ್ರದುರ್ಗ ನಡುವಿನ ಹೆದ್ದಾರಿ ಪಕ್ಕದ ಆಸ್ಪತ್ರೆ. ಬಸ್ಸು, ಲಾರಿ ಡಿಕ್ಕಿಯಾದರೆ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಜನ ಬರುತ್ತಾರೆ. ಈಗ ಎರಡು ವರ್ಷದಿಂದ ಟ್ರಯಾಜ್ ನಡೆಯುತ್ತಿದೆ. ಯಾರೂ ಹೊಡೆದಿಲ್ಲ.

ವಿಂಗಡಿಸಲು ನಾವು ಬಳಸುವುದು ಸ್ಟಾರ್ಟ್ ಅನ್ನುವ ವಿಧಾನ. ಉಸಿರು ನಿಮಿಷಕ್ಕೆ 30 ದಾಟಿದೆಯಾ, ಮಣಿಕಟ್ಟಲ್ಲಿ ನಾಡಿ ಸಿಗುತ್ತದಾ, ಹೇಳಿದ ಮಾತು ಕೇಳುತ್ತಾರಾ ಅಂತ ನೋಡಿ ಬಣ್ಣ ಕೊಡುವುದು: ತಕ್ಷಣ ನೋಡಬೇಕಾದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ಸಣ್ಣ ಗಾಯದವರಿಗೆ ಹಸಿರು, ಉಳಿಸಲಾಗದವರಿಗೆ ಕಪ್ಪು. ಅದು ಅರ್ಧ ನಿಮಿಷದ ಕೆಲಸ. ಕಷ್ಟ ಇದ್ದದ್ದು ಬೇರೆ ಕಡೆ.

ಬಣ್ಣದ ಗುರುತಿಗೆ ಮೊದಲು ಕಾರ್ಡ್ ಮಾಡಿಸಿದೆವು. ಆರೋಗ್ಯ ರಕ್ಷಾ ಸಮಿತಿಯ ದುಡ್ಡಲ್ಲಿ ಸುಮಾರು ಎಂಟು ಸಾವಿರ ಹೋಯಿತು. ಮಳೆಗೆ ಶಾಯಿ ಇಳಿಯಿತು. ಗಡಿಬಿಡಿಯಲ್ಲಿ ಯಾರೂ ಬರೆಯಲೂ ಇಲ್ಲ. ಆಮೇಲೆ ಸ್ಟಿಕ್ಕರ್ ತಂದೆವು. ಬೆವರು, ರಕ್ತ ಇದ್ದ ಕೈಗೆ ಅಂಟಲೇ ಇಲ್ಲ. ಕೊನೆಗೆ ಫ್ಯಾನ್ಸಿ ಸ್ಟೋರ್ ರಿಬ್ಬನ್ ತಂದು, ಟೈಲರ್ ಹತ್ತಿರ ಎಲಾಸ್ಟಿಕ್ ಹೊಲಿಸಿದೆ. ಎಲ್ಲಾ ಸೇರಿ ಆರುನೂರು ರೂಪಾಯಿ ಒಳಗೆ. ಒಗೆದು ಮತ್ತೆ ಬಳಸಬಹುದು. ಇಷ್ಟು ಚೆನ್ನಾಗಿ ನಿಂತದ್ದು ಬೇರೆ ಯಾವುದೂ ಇಲ್ಲ.

ಕಪ್ಪು ಮಾತ್ರ ತೆಗೆದೆ. ಇನ್ನೂ ಉಸಿರಾಡುತ್ತಿರುವ, ಆದರೆ ನಮ್ಮಿಂದ ಉಳಿಸಲಾಗದ ಮನುಷ್ಯನ ಕೈಗೆ ಕಪ್ಪು ಕಟ್ಟಿದರೆ ಮನೆಯವರಿಗೆ ಅಲ್ಲೇ ಎದೆ ಒಡೆಯುತ್ತದೆ. ಬ್ರಿಟನ್ನಿನಲ್ಲಿ ಈ ಗುಂಪಿಗೆ ನೀಲಿ ಬಳಸುವುದುಂಟು, ನಾನೂ ಅದನ್ನೇ ಇಟ್ಟೆ. ನೀಲಿ ಕಟ್ಟಿದವರನ್ನು ಸುಮ್ನೆ ಮೂಲೆಗೆ ಬಿಡುವುದಿಲ್ಲ. ನೋವಿನ ಇಂಜೆಕ್ಷನ್ ಕೊಡುತ್ತೇವೆ, ಪಕ್ಕದಲ್ಲಿ ಒಬ್ಬರು ಕೂರುತ್ತಾರೆ. ಕೆಂಪಿನವರು ಮುಗಿದ ತಕ್ಷಣ ಮತ್ತೆ ನೋಡುತ್ತೇವೆ. ಮನೆಯವರಿಗೆ ಆಗ ಏನು ಹೇಳಬೇಕು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದನ್ನು ಕಲಿಯಬೇಕಾದರೆ ಬಂದು ನನ್ನ ಜೊತೆ ಒಂದು ರಾತ್ರಿ ಡ್ಯೂಟಿ ನಿಲ್ಲಿ.

ಜಾಸ್ತಿ ಜಗಳ ಆದದ್ದು ಒಂದೇ ನಿಯಮಕ್ಕೆ. ರಿಬ್ಬನ್ ಕಟ್ಟುವವರು ಯಾರಿಗೂ ಚಿಕಿತ್ಸೆ ಮಾಡಕೂಡದು, ಮತ್ತು ಅವರು ಇರುವವರಲ್ಲೇ ಹಿರಿಯರಾಗಿರಬೇಕು. "ಸರ್ಜನ್ ಬಾಗಿಲಲ್ಲಿ ನಿಂತರೆ ಹೊಲಿಗೆ ಹಾಕೋರು ಯಾರು ಸಾರ್?" ಅಂದರು. ಹೊಲಿಗೆ ಕಾಯುತ್ತದೆ. ಬಾಗಿಲಲ್ಲಿ ಒತ್ತಡ ತಡೆಯಲು ಕಿರಿಯರಿಂದ ಆಗಲ್ಲ.

ಒಂದು ರಾತ್ರಿ ಬಸ್ ಡ್ರೈವರನೇ ಕೆಂಪು. ಉಸಿರು 36ರ ಹತ್ತಿರ, ಮಣಿಕಟ್ಟಲ್ಲಿ ನಾಡಿ ಇಲ್ಲ. "ಅವನೇ ಕೊಂದಿದ್ದು, ಅವನಿಗೆ ಮೊದಲಾ?" ಅಂತ ಪ್ರಯಾಣಿಕರ ಕಡೆಯವರು ಸುತ್ತುವರಿದರು. ಅದೇ ಹೊತ್ತಿಗೆ ಮುಂಗೈ ಮುರಿದ ಒಬ್ಬ ಹುಡುಗನಿಗಾಗಿ ದೊಡ್ಡವರ ಫೋನ್ ಬಂತು. ಹುಡುಗ ಹಳದಿ, ಹಳದಿಯಾಗೇ ಉಳಿದ. ಗೋಡೆ ಮೇಲೆ ನಾನು ಕನ್ನಡದಲ್ಲಿ ಅಂಟಿಸಿರುವುದು ಸುಪ್ರೀಂ ಕೋರ್ಟಿನ 1989ರ ಪರಮಾನಂದ ಕಟಾರಾ ತೀರ್ಪಿನ ತಿರುಳು: ನಿರಪರಾಧಿಯೋ ಅಪರಾಧಿಯೋ, ಜೀವ ಉಳಿಸುವುದು ವೈದ್ಯರ ಕರ್ತವ್ಯ. ಅದನ್ನೇ ತೋರಿಸಿದೆ. ನೆಪೋಲಿಯನ್ ಸೈನ್ಯದ ಸರ್ಜನ್ ಲಾರ್ರೇ ಇನ್ನೂರು ವರ್ಷದ ಹಿಂದೆಯೇ ಸೈನಿಕರ ದರ್ಜೆ ನೋಡದೆ ಗಾಯ ನೋಡಿದ. ನಾವು ಮಾಡಲಾರೆವೇ? ತಪ್ಪು ಯಾರದು ಅಂತ ಹೇಳಲು ಕೋರ್ಟ್ ಇದೆ. ಆ ಡ್ರೈವರ್ ಬದುಕಿದ.

ಇನ್ನೊಂದು ಪ್ರಯೋಗ ಸಿಡಿಲಿನದು. ಮೇ ತಿಂಗಳ ಮಳೆಗೆ ಮರದ ಕೆಳಗೆ ನಿಂತ ಕೂಲಿಯವರಿಗೆಲ್ಲ ಒಟ್ಟಿಗೆ ಹೊಡೆಯುತ್ತದೆ. ಅಲ್ಲಿ ಲೆಕ್ಕ ಉಲ್ಟಾ. ನರಳುವವರು ಸಾಮಾನ್ಯವಾಗಿ ಉಳಿಯುತ್ತಾರೆ. ಉಸಿರು ನಿಂತವರನ್ನೇ ಮೊದಲು ಹಿಡಿಯಬೇಕು, ಎದೆ ಒತ್ತಿ ಉಸಿರು ಕೊಟ್ಟರೆ ವಾಪಸ್ ಬರುವ ಸಾಧ್ಯತೆ ಇದೆ. 108ರ ಹುಡುಗರಿಗೆ, ಆಶಾ ಕಾರ್ಯಕರ್ತೆಯರಿಗೆ ಇದನ್ನು ಹೇಳಿಕೊಡುತ್ತಿದ್ದೇನೆ. ಸತ್ತಂತೆ ಕಾಣುವವರ ಕಡೆಗೆ ಮೊದಲು ಓಡಲು ಅವರ ಮನಸ್ಸು ಇನ್ನೂ ಒಪ್ಪುತ್ತಿಲ್ಲ.

ಈಗ ಬಾಕಿ ಇರುವುದು ಮಕ್ಕಳ ವಿಚಾರ. ಉಸಿರಿಲ್ಲದ, ನಾಡಿ ಇರುವ ಮಗುವಿಗೆ ಐದು ಸಲ ಉಸಿರು ಕೊಡದೆ ನೀಲಿ ಕಟ್ಟುವ ಹಾಗಿಲ್ಲ. ಅದಕ್ಕೆ ಬಾಗಿಲಲ್ಲೇ ಮಕ್ಕಳ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಎರಡು ಬೇಕು. ಸಮಿತಿಗೆ ಬರೆದಿದ್ದೇನೆ. ಈ ತಿಂಗಳು ಮಂಜೂರಾಗದಿದ್ದರೆ ನನ್ನ ಕೈಯಿಂದಲೇ ತರುತ್ತೇನೆ.