ಹಾವುಮೀನಿನ ಎರೆ ಜಾರದಿರಲು ಐಸ್

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಸ್ಟ್ರೈಪ್ಡ್ ಬಾಸ್‌ಗೋ ಕೋಬಿಯಾಗೋ (ಎರಡೂ ಮೀನುಗಳೇ) ಗಾಳ ಹಾಕಲು ಹೊರಟವರು ಎರೆಯ ಜೀವಂತ ಹಾವುಮೀನುಗಳನ್ನು ಬಕೆಟ್ ನೀರಿನಲ್ಲಿ ಇಡಬೇಡಿ. ಐಸ್ ಮೇಲೆ ಒದ್ದೆ ಗೋಣಿಬಟ್ಟೆ ಹಾಸಿ, ಅದರಲ್ಲಿ ಸುತ್ತಿಡಿ. ಚಳಿಗೆ ಅವು ಮಂಕಾಗುತ್ತವೆ. ಗಾಳಕ್ಕೆ ಚುಚ್ಚುವಾಗ ನುಲಿದು ದಾರವನ್ನೆಲ್ಲ ಗಂಟು ಮಾಡುವುದಿಲ್ಲ. ಕೊಲ್ಲಿಯ ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಮತ್ತೆ ಚುರುಕು. ಹಿಡಿಯುವಾಗಲೂ ಬಟ್ಟೆ ಬೇಕು, ಬರಿಗೈಯಲ್ಲಿ ಸುಮ್ನೆ ಒದ್ದಾಟ. ಐಸ್ ಕರಗಿದ ನೀರು ತಳದಲ್ಲಿ ನಿಂತರೆ ಮಾತ್ರ ಈ ಉಪಾಯ ಕೈಕೊಡುತ್ತದೆ, ಅದರಲ್ಲಿ ಮುಳುಗಿದ ಹಾವುಮೀನು ಉಸಿರುಕಟ್ಟಿ ಸಾಯುತ್ತದೆ. ನೀರು ಹರಿದುಹೋಗಲು ಐಸ್ ಡಬ್ಬಿಯ ತಳದ ತೂತು ತೆರೆದೇ ಇರಲಿ. ಅಂದಹಾಗೆ, ಬಾಸ್‌ಗೆ ಎರೆ ಕಟ್ಟುವಾಗ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಗಾಳ) ಕಡ್ಡಾಯ. ಮೀನು ಕಚ್ಚಿದಾಗ ಕೋಲನ್ನು ಜಗ್ಗಬೇಡಿ, ದಾರ ಬಿಗಿಯಾಗುವವರೆಗೆ ನಿಧಾನವಾಗಿ ಸುತ್ತಿ.