ವೆಟರ್ನರಿ ಮೆಡಿಸಿನ್ ನಾ ಓದಿದ್ದು ಹೆಂಗ

ನಮ್ಮದು ಕುಷ್ಟಗಿ ಕಡೆ ಹಳ್ಳಿ, ಬಿವಿಎಸ್ಸಿ (ದನದ ಡಾಕ್ಟರ್ ಡಿಗ್ರಿ) ಮಾಡಿದ್ದು ಬೀದರ್‌ನಾಗ. ಮೆಡಿಸಿನ್ ಪೇಪರ್ ಹೆಂಗ ಓದಿದ್ರಿ ಅಣ್ಣಾ ಅಂತ ಜೂನಿಯರ್ಸ್ ಕೇಳ್ತಿರ್ತಾರ, ರೋಗ ನೂರಾರು, ಎಲ್ಲಾಕ್ಕೂ ಜ್ವರ, ಎಲ್ಲಾಕ್ಕೂ ಮೇವು ಬಿಡೋದು, ಯಾವುದು ಯಾವುದು ಅಂತ ನೆನಪಿಡೋದು ಖರೇನ ತ್ರಾಸು.

ಪುಸ್ತಕದಾಗ ಬ್ಯಾಕ್ಟೀರಿಯಾ, ವೈರಸ್, ಜಂತು ಅಂತ ಚಾಪ್ಟರ್ ಮಾಡಿರ್ತಾರ. ಕ್ಲಿನಿಕ್ಕಿಗೆ ಬರೋ ರೈತ ಹೇಳೋದು "ರಾತ್ರಿ ಚಲೋ ಇತ್ರೀ ಸಾಹೇಬ್ರ, ಮುಂಜಾನೆ ಸತ್ತ ಬಿದ್ದಿತ್ತು" ಅಂತ. ಹಂಗಾಗಿ ನಾ ಬ್ಯಾರೆ ನೋಟ್‌ಬುಕ್ ಮಾಡ್ಕೊಂಡೆ, ಪೇಜಿನ ಮ್ಯಾಲೆ ಕಂಪ್ಲೇಂಟ್, ಕೆಳಗ ವಯಸ್ಸು, ಸೀಸನ್, ಮೇವು, ಊರು ಅಂತ ಕಾಲಂ.

ಊರಿನ ಕಾಲಂ ನೋಡಿ ರೂಮ್‌ಮೇಟ್ಸ್ ನಗತಿದ್ರು. ಆದ್ರ ನಮ್ಮ ಕೊಪ್ಪಳ ಜಿಲ್ಲಾದಾಗನ ನೋಡ್ರಿ, ಗಂಗಾವತಿ ಕಾರಟಗಿ ಕಡೆ ತುಂಗಭದ್ರಾ ಕಾಲುವಿ ನೀರು, ಭತ್ತ, ಎಮ್ಮಿ. ಅಲ್ಲಿ ಎಮ್ಮಿ ಬಡಕಲಾಗಿ ಗದ್ದದ ಕೆಳಗ ನೀರು ಇಳದಿದ್ರ ಮೊದಲು ಲಿವರ್ ಫ್ಲೂಕ್ (ಲಿವರಿನಾಗ ಸೇರೋ ಚಪ್ಪಟಿ ಹುಳ) ಅಂತ ಸಗಣಿ ಟೆಸ್ಟಿಗೆ ಹಾಕಬೇಕು, ಆ ಹುಳದ ಮರಿ ಬೆಳಿಯೋದು ನೀರಾಗಿರೋ ಬಸವನಹುಳದ ಹೊಟ್ಯಾಗ, ಆಮೇಲೆ ಹುಲ್ಲಿಗೆ ಅಂಟಿ ದನದ ಬಾಯಿಗೆ ಹೋಗ್ತದ. ಅದೇ ಗದ್ದದ ನೀರು ನಮ್ಮ ಕುಷ್ಟಗಿ ಯಲಬುರ್ಗಾ ಒಣ ಭೂಮಿ ಕುರಿಯಾಗ ಕಂಡ್ರ ಹಿಮಾಂಕಸ್ ನೆನಪಾಗಬೇಕು, ರಕ್ತ ಹೀರೋ ಹುಳ ಅದು, ಕಣ್ಣಿನ ರೆಪ್ಪಿ ಬಿಡಿಸಿ ನೋಡಿದ್ರ ಒಳಗ ಬೆಳ್ಳಗ ಇರ್ತದ.

"ದಿಢೀರ್ ಸಾವು" ಅನ್ನೋ ಪೇಜ್ ಭಾಳ ದೊಡ್ಡದಾತು. ಮಳಿ ಬಿದ್ದು ಹಸಿ ಹುಲ್ಲು ಚಿಗುರಿದಾಗ, ಇಲ್ಲಾ ಜೋಳ ಕಟಾವಾದ ಹೊಲದಾಗ ತೆನಿ ತಿಂದು, ಹಿಂಡಿನಾಗ ಭಾರಿ ಕೊಬ್ಬಿದ ಮರಿನ ಸತ್ತಿದ್ರ ಇಟಿ (ಎಂಟೆರೋಟಾಕ್ಸೀಮಿಯಾ, ಕರುಳಿನಾಗ ಬ್ಯಾಕ್ಟೀರಿಯಾ ವಿಷ ಬಿಡೋ ರೋಗ). ಆರು ತಿಂಗಳಿಂದ ಎರಡು ವರ್ಷದ ಗಟ್ಟಿಮುಟ್ಟು ದನ, ತೊಡಿ ಬಾತು ಒತ್ತಿದ್ರ ಚರಚರ ಅಂದ್ರ ಚಪ್ಪೆ ರೋಗ. ಜೋಳದ ಕೂಳಿ ಚಿಗುರು ಮೇಯ್ದು ಸ್ವಲ್ಪ ಹೊತ್ತಿನಾಗ ಉಸಿರಾಡಾಕ ಒದ್ದಾಡಿ ಬಿದ್ದು, ರಕ್ತ ಕೆಂಪಗ ಹೊಳಿತಿದ್ರ ಸೈನೈಡ್ ವಿಷ, ಸೋಡಿಯಂ ನೈಟ್ರೈಟ್ ಥಯೋಸಲ್ಫೇಟ್ ರಕ್ತನಾಳಕ್ಕ ಬೇಗ ಕೊಟ್ರ ಉಳಿತಾವ. ಮೂಗು ಗುದದಿಂದ ಹೆಪ್ಪುಗಟ್ಟದ ಕರಿ ರಕ್ತ, ಮೈ ಸೆಟೆದಿಲ್ಲ ಅಂದ್ರ ನೆರಡಿ (ಆಂಥ್ರಾಕ್ಸ್) ಅಂತ ಅನುಮಾನ, ಅಲ್ಲಿ ಪೋಸ್ಟ್‌ಮಾರ್ಟಂ ಮಾಡಂಗಿಲ್ಲ, ಕಿವಿ ರಕ್ತ ಗ್ಲಾಸ್ ಸ್ಲೈಡಿಗೆ ತೆಳ್ಳಗ ಸವರಿ (ಸ್ಮಿಯರ್) ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕೋದು. ಹೆಣ ಕೊಯ್ದ್ರ ಆ ರೋಗಾಣುವಿನ ಸ್ಪೋರ್ (ಗಟ್ಟಿ ಬೀಜಕ) ಮಣ್ಣಾಗ ವರ್ಷಗಟ್ಟಲೆ ಉಳಿತಾವ. ಕುರಿ ಸತ್ರ ಕೊಯ್ದು ಹಂಚ್ಕೊಳ್ಳೋ ರೂಢಿ ನಮ್ಮ ಕಡೆ ಇರೋದಕ್ಕ ಈ ಸಾಲಿಗೆ ಕೆಂಪು ಪೆನ್ನು ಹಚ್ಚಿದ್ದೆ.

ಥಿಯರಿ ಹಿಂಗಾತು. ಕೈ ಪಳಗಬೇಕಂದ್ರ ಆರೋಗ್ಯದ ದನ ಮುಟ್ರಿ ಅಂತೀನಿ ನಾ, ಕೇಸ್ ಬರಲಿ ಅಂತ ಕಾಯೋದು ವೇಸ್ಟು. ಕಾಲೇಜ್ ಫಾರ್ಮಿನಾಗ ಸಂಜಿ ಹೊತ್ತು ಆಕಳ ಎಡ ಪಕ್ಕಿಗೆ ಮುಷ್ಟಿ ಒತ್ತಿ ರೂಮೆನ್ (ದನದ ದೊಡ್ಡ ಹೊಟ್ಟಿ) ಎಷ್ಟು ಸಲ ಕುಗ್ತದ ಅಂತ ಎಣಿಸ್ತಿದ್ದೆ, ಎರಡು ನಿಮಿಷಕ್ಕ ಎರಡು ಮೂರು ಸಲ ಕೈ ದೂಡಬೇಕು. ಟೆಂಪರೇಚರ್ ಆಕಳಿಗೆ 101.5 ಫ್ಯಾರನ್‌ಹೀಟ್ ಆಜೂಬಾಜು, ಕುರಿಗೆ 103 ಅಂದ್ರೂ ನಾರ್ಮಲ್, ಮ್ಯಾಲೆ ನಮ್ಮ ಮಧ್ಯಾಹ್ನದ ಬಿಸಲಾಗ ನಡಕೊಂತ ಬಂದ ಕುರಿಗೆ ಇನ್ನೂ ಏರಿರ್ತದ, ನೆರಳಿಗೆ ನಿಲ್ಲಿಸಿ ನೋಡದ ಜ್ವರ ಅಂತ ಇಂಜೆಕ್ಷನ್ ಚುಚ್ಚೋರು ಅದಾರ.

ಕುರಿಗಾರರ ಕೂಡ ಮಾತಾಡೋದಂತೂ ಬ್ಯಾರೆ ಸಬ್ಜೆಕ್ಟ್ ಬಿಡ್ರಿ. ಬಾಯಿ ಹುಣ್ಣು ಅಂದ ಕೂಡ್ಲೆ "ಅಜ್ಜಾರ, ಅಮೀನಗಡ ಸಂತಿಂದ ಹೊಸ ಕುರಿ ತಂದೀರೇನ್ರೀ?" ಅಂತ ಕೇಳ್ತೀನಿ. ಹೊಸವು ಬಂದು ಆಮೇಲೆ ಹಿಂಡಿಗೆ ಹತ್ತಿ, ಭೇದಿ, ಕೆಮ್ಮು, ಆಡು ಜಾಸ್ತಿ ಬಿದ್ದಿದ್ರ ಪಿಪಿಆರ್ (ಆಡು ಕುರಿ ಪ್ಲೇಗ್) ಕಡೆ ಹೋಗ್ತೀನಿ. ಹೊಸ ಕುರಿ ಇಲ್ಲ, ಮಳಿಗಾಲ ಮುಗಿಯಾಕ ಬಂದು ನುಸಿ ಎದ್ದಾವ, ಮಾರಿ ಬಾತು ಗೊರಸಿನ ಮ್ಯಾಲೆ ಕೆಂಪಾಗಿ ಕುಂಟತಾವ ಅಂದ್ರ ನೀಲಿ ನಾಲಿಗೆ, ಅದು ನುಸಿಯಿಂದ ಹರಡೋ ರೋಗ. ಎರಡಕ್ಕೂ ಸ್ಯಾಂಪಲ್ ಲ್ಯಾಬಿಗೆ ಕಳಸೋದ, ರಿಪೋರ್ಟ್ ಬರೋ ತನಕ ರೋಗದ ಕುರಿ ಬ್ಯಾರೆ ಕಟ್ಟಿಸಿ, ಬಾಯಿಗೆ ಮೆತ್ತಗಿನ ಗಂಜಿ ಹಾಕ್ರಿ ಅಂತ ಹೇಳಿ ಬರೋದು.